ಹದಿನೇಳು ವರ್ಷ ಪೆಗ್ ಕುಡಿದ ಹಡಗು

1628ರ ಆಗಸ್ಟ್ 10. ಸ್ವೀಡನ್ನಿನ ಹೊಸ ಯುದ್ಧನೌಕೆ ವಾಸಾ ಸ್ಟಾಕ್‌ಹೋಮ್ ಬಂದರಿನಿಂದ ಹೊರಟು ಒಂದೂವರೆ ಕಿಲೋಮೀಟರ್ ಕೂಡ ಹೋಗಲಿಲ್ಲ. ಗಾಳಿಗೆ ವಾಲಿತು, ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು, ಮುಳುಗಿತು. ಅದನ್ನ ಮೇಲೆತ್ತಿದ್ದು 1961ರ ಏಪ್ರಿಲ್ 24ರಂದು. 333 ವರ್ಷ ಆದರೂ ಹಡಗು ಹೆಚ್ಚುಕಮ್ಮಿ ಇಡಿಯಾಗೇ ಇತ್ತು. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ, ಮರ ಕೊರೆಯುವ ಹುಳು ಅಲ್ಲಿ ಬದುಕಲ್ಲ.

ನಿಜವಾದ ತಲೆನೋವು ಶುರುವಾಗಿದ್ದು ದಡಕ್ಕೆ ಬಂದ ಮೇಲೆ. ಹಸಿ ಮರದ ತುಂಡನ್ನ ಬಿಸಿಲಿಗೆ ಬಿಟ್ಟರೆ ಬಿರುಕು ಬಿಡುತ್ತೆ, ಸೊಟ್ಟಗಾಗುತ್ತೆ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ವಾಸಾದ ಓಕ್ ಮರದ ಸ್ಥಿತಿ ಇನ್ನೂ ಕೆಟ್ಟದ್ದು. ಹೊರಪದರದ ಕೋಶಗಳನ್ನ ಬ್ಯಾಕ್ಟೀರಿಯಾ ತಿಂದಿದ್ದವು, ಖಾಲಿ ಜಾಗದಲ್ಲಿ ನೀರು ತುಂಬಿತ್ತು. ಆ ನೀರು ಆರಿದರೆ ಕೋಶಗಳು ಕುಸಿಯುತ್ತಿದ್ದವು.

ಹಾಗಾಗಿ ಬೇಕಿದ್ದದ್ದು ನೀರಿನ ಜೊತೆ ಒಳಗೆ ಹೋಗಿ, ನೀರು ಹೋದ ಮೇಲೂ ಅಲ್ಲೇ ಕೂರುವ ವಸ್ತು. ಸಿಕ್ಕಿದ್ದು ಪಾಲಿಎಥಿಲೀನ್ ಗ್ಲೈಕಾಲ್, ಚಿಕ್ಕದಾಗಿ ಪೆಗ್. ವೀಕೆಂಡ್ ಪೆಗ್ ಅಲ್ಲ ಮಾರಾಯ್ರೇ! ಮಲಬದ್ಧತೆಗೆ ಡಾಕ್ಟರ್ ಕೊಡುವ ಪುಡಿಯಲ್ಲಿ ಇರೋದು ಇದೇ.

ಇದೊಂದು ಪಾಲಿಈಥರ್. ಎರಡು ಕಾರ್ಬನ್, ಒಂದು ಆಕ್ಸಿಜನ್, ಮತ್ತೆ ಎರಡು ಕಾರ್ಬನ್, ಹೀಗೇ ಸಾಗುವ ಸರಪಳಿ. ಆ ಆಕ್ಸಿಜನ್‌ಗಳು ನೀರಿನ ಕೈ ಹಿಡಿಯುತ್ತವೆ, ಅದಕ್ಕೇ ಕರಗುತ್ತೆ. ವಿಚಿತ್ರ ಅಂದ್ರೆ, ನಡುವೆ ಎರಡರ ಬದಲು ಒಂದೇ ಕಾರ್ಬನ್ ಇಟ್ಟರೆ ಅದು ನೀರಲ್ಲಿ ಕರಗದ ಗಟ್ಟಿ ಪ್ಲಾಸ್ಟಿಕ್. ಮೂರು ಇಟ್ಟರೂ ಉದ್ದ ಸರಪಳಿ ಕರಗಲ್ಲ.

ಸರಪಳಿಯ ಉದ್ದವೂ ಮುಖ್ಯ. ಅಣುತೂಕ 400 ಇದ್ದರೆ ಎಣ್ಣೆಯಂಥ ದ್ರವ, 4000 ಇದ್ದರೆ ಮೇಣದಂಥ ಗಟ್ಟಿ. ಗಿಡ್ಡ ಸರಪಳಿ ಮರದೊಳಗೆ ಆಳಕ್ಕೆ ಇಳಿಯುತ್ತೆ, ಆದರೆ ಗಾಳಿಯ ತೇವವನ್ನ ಬೇಗ ಎಳೆದುಕೊಳ್ಳುತ್ತೆ. ಉದ್ದದ್ದು ಗಟ್ಟಿಯಾಗಿ ನಿಲ್ಲುತ್ತೆ, ಆದರೆ ಒಳಗೆ ಇಳಿಯಲ್ಲ. ಎರಡೂ ಗುಣ ಒಂದರಲ್ಲೇ ಸಿಗಲ್ಲ. ವಾಸಾಗೆ ಮೊದಲು 1500, 4000 ಬಳಸಿದರು, ಒಳಮರ ಕುಡಿಯಲಿಲ್ಲ ಅಂತ ಆಮೇಲೆ 600ಕ್ಕೆ ಇಳಿದರು. 1962ರಿಂದ 1979ರವರೆಗೆ, 17 ವರ್ಷ, ಸಿಂಪಡಿಸಿದ್ದೇ ಸಿಂಪಡಿಸಿದ್ದು. ದ್ರಾವಣದ ಸಾಂದ್ರತೆಯನ್ನ ನಿಧಾನಕ್ಕೆ ಏರಿಸಿದರು. ಅವಸರ ಮಾಡಿದ್ದರೆ ಪೆಗ್ ಒಳಗೆ ಹೋಗುವ ಮೊದಲೇ ನೀರು ಹೊರಬಂದು ಮರ ಕುಗ್ಗುತ್ತಿತ್ತು.

ಹಡಗು ಉಳಿಯಿತು. 1990ರಲ್ಲಿ ಅದಕ್ಕೇ ಅಂತ ಮ್ಯೂಸಿಯಂ ತೆರೆಯಿತು. 2000ದ ಬೇಸಿಗೆಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಳೆ ಜೋರು. ಒದ್ದೆ ಬಟ್ಟೆಯ ಜನ ಒಳಗೆ ತುಂಬಿಕೊಂಡರು, ತೇವ ಏರಿತು, ಮರದ ಮೇಲೆ ಆಮ್ಲದ ಉಪ್ಪು ಹುಡಿಹುಡಿಯಾಗಿ ಕಾಣಿಸಿತು. ಶತಮಾನಗಳ ಕಾಲ ಬಂದರಿನ ಕೊಳಕು ನೀರಿಂದ ಮರ ಗಂಧಕ ಹೀರಿಕೊಂಡಿತ್ತು. ಗಾಳಿಯ ಆಕ್ಸಿಜನ್ ಸೇರಿ ಅದು ಸಲ್ಫ್ಯೂರಿಕ್ ಆಮ್ಲವಾಗುತ್ತಿತ್ತು. ತುಕ್ಕು ಹಿಡಿದ ಮೊಳೆಗಳ ಕಬ್ಬಿಣ ಆ ಕೆಲಸಕ್ಕೆ ವೇಗ ಕೊಟ್ಟಿತ್ತು.

ಹಾಗಂತ ಪೆಗ್ ತೊಳೆದು ತೆಗೆಯೋಕೂ ಆಗಲ್ಲ, ತೆಗೆದರೆ ಮರ ಕುಸಿಯುತ್ತೆ. ನಮ್ಮ ಆಫೀಸಿನ ಭಾಷೆಯಲ್ಲಿ, ರೋಲ್‌ಬ್ಯಾಕ್ ಇಲ್ಲ. ಉಳಿದಿದ್ದು ಕಾಯೋದು ಮಾತ್ರ. 2004ರಲ್ಲಿ ಹೊಸ ಹವಾನಿಯಂತ್ರಣ ಹಾಕಿ ತೇವಾಂಶವನ್ನ ಶೇ 55ರ ಆಸುಪಾಸಿನಲ್ಲಿ ಹಿಡಿದರು. 2010ರ ದಶಕದಲ್ಲಿ 5,000ಕ್ಕೂ ಹೆಚ್ಚು ತುಕ್ಕು ಬೋಲ್ಟ್‌ಗಳನ್ನ ಕಿತ್ತು ಸ್ಟೀಲ್‌ನವು ಕೂರಿಸಿದರು. ನೀರಿನ ಜೊತೆಗಿನ ನಂಟಿನಿಂದಲೇ ಪೆಗ್ ಈ ಹಡಗನ್ನ ಉಳಿಸಿದ್ದು. ಅದೇ ನಂಟಿಗೆ ಹೆದರಿ, ಮ್ಯೂಸಿಯಂನವರು ಇವತ್ತೂ ತೇವಾಂಶದ ಮೀಟರ್ ನೋಡುತ್ತಾ ಕೂತಿದ್ದಾರೆ.