ತೇಗ: ಕಾಡಿನಿಂದ ಕಡಲಿಗೆ

ಕಳೆದ ಬೇಸಗೆಯಲ್ಲಿ ನಮ್ಮ ಮನೆಯ ಹಿತ್ತಲ ಬಾಗಿಲಿನ ಚೌಕಟ್ಟು ಸಡಿಲಗೊಂಡಿತೆಂದು ವಯಸ್ಸಾದ ಆಚಾರ್ರೊಬ್ಬರನ್ನು ಕರೆಸಿದ್ದೆ. ನಮ್ಮ ತಾತನವರು ಮಲೆನಾಡಿನ ಹಳೆಯ ಮನೆಯನ್ನು ಬಿಚ್ಚಿಸಿದಾಗ ಗಾಡಿಯ ಮೇಲೆ ಹೇರಿಸಿಕೊಂಡು ತಂದ ಚೌಕಟ್ಟು ಅದು. ಬಣ್ಣದ ಮೇಲೆ ಬಣ್ಣ ಬಳಿದು, ಒಳಗಿರುವುದು ಯಾವ ಮರವೆಂಬುದೇ ನಮಗೆ ಮರೆತುಹೋಗಿತ್ತು. ಆಚಾರ್ರು ಉಳಿಯಿಂದ ಸಣ್ಣದೊಂದು ಚಕ್ಕೆ ಎಬ್ಬಿಸಿ, ಮೂಗಿನ ಬಳಿ ಹಿಡಿದು, “ತ್ಯಾಗದ ಮರ ಸ್ವಾಮಿ, ಇದಕ್ಕೇನಾಗಿದೆ? ಕಲ್ಲು ಕದಲಿದೆ ಅಷ್ಟೆ” ಎಂದರು. ನೂರು ವರ್ಷದ ಮರ ಆ ಕ್ಷಣದಲ್ಲಿ ಹದಮಾಡಿದ ಚರ್ಮದಂತಹ ತನ್ನ ವಾಸನೆಯನ್ನು ಬಿಟ್ಟುಕೊಟ್ಟಿತು.

ಕನ್ನಡ ಪಾಠ ಹೇಳುವವನ ಚಪಲದಿಂದ ಇಲ್ಲಿ ಒಂದು ಮಾತು. ಆಡುನುಡಿಯ ಈ ‘ತ್ಯಾಗ’ಕ್ಕೂ ಬಿಟ್ಟುಕೊಡುವ ತ್ಯಾಗಕ್ಕೂ ಯಾವ ನಂಟೂ ಇಲ್ಲ, ಊಟದ ಮೇಲೆ ಬರುವ ತೇಗಿಗೂ ಇಲ್ಲ. ನಮ್ಮ ತೇಗ, ತಮಿಳು ಮಲೆಯಾಳಗಳ ತೇಕ್ಕು ಒಂದೇ ಬಳ್ಳಿಯ ಕಾಯಿಗಳು. ಮಲಬಾರಿನ ತೀರದಲ್ಲಿ ಇಳಿದ ಪೋರ್ಚುಗೀಸರು ಅದನ್ನು ‘ತೆಕ’ ಎಂದರು. ಅದೇ ಇಂಗ್ಲಿಷರ ಬಾಯಲ್ಲಿ ‘ಟೀಕ್’ ಆಯಿತು. ಸಸ್ಯಶಾಸ್ತ್ರಜ್ಞರ ‘ಟೆಕ್ಟೋನ ಗ್ರಾಂಡಿಸ್’ನಲ್ಲಿ ಅಡಗಿರುವುದೂ ಅದೇ. ಉತ್ತರ ಕರ್ನಾಟಕದವರು ಹೇಳುವ ಸಾಗುವಾನಿಯ ಹಿಂದೆ ಸಂಸ್ಕೃತದ ‘ಶಾಕ’ವಿದೆ. ಅರಬರ ‘ಸಾಜ್’ ಕೂಡ ಇದೇ ಮರದ ಹೆಸರು. ಹೆಸರುಗಳು ಹೀಗೆ ಕಡಲು ದಾಟಿದ್ದು ಮರ ದಾಟಿದ್ದರಿಂದಲೇ. ಈಜಿಪ್ಟಿನ ಕೆಂಪುಸಮುದ್ರದ ದಂಡೆಯಲ್ಲಿ ಬೆರೆನಿಕೆ ಎಂಬ ಹಳೆಯ ರೇವನ್ನು ಅಗೆದವರಿಗೆ, ರೋಮನ್ನರ ಕಾಲದ ತೇಗದ ತುಂಡುಗಳು ದೊರೆತಿವೆ. ತೇಗ ಅಲ್ಲಿ ಬೆಳೆಯುವ ಮರವಲ್ಲ.

ಅದರಲ್ಲಿ ಅಂತಹ ಗುಣವೇನಿದೆ? ಗಡಸಿನಲ್ಲಿ ತೇಗವನ್ನು ಮೀರಿಸುವ ಮರಗಳು ನಮ್ಮ ಕಾಡಿನಲ್ಲಿ ಎಷ್ಟೋ ಇವೆ. ಬೀಟೆಯೇ ಅದಕ್ಕಿಂತ ತೂಕ, ಅದಕ್ಕಿಂತ ಚೆಲುವು. ತೇಗದ ಹಿರಿಮೆ ಬೇರೆ ಬಗೆಯದು. ಅದರ ಚೇಗಿನಲ್ಲಿ ಒಂದು ಬಗೆಯ ಎಣ್ಣೆಯಂಶವಿದೆ. ಗೆದ್ದಲಿಗೆ ಅದು ರುಚಿಸದು, ನೀರು ಅದನ್ನು ಸುಲಭವಾಗಿ ಹೊಗದು. ಮಳೆಗಾಲಕ್ಕೆ ಉಬ್ಬಿ ಬೇಸಗೆಗೆ ಕುಗ್ಗುವ ಚಾಳಿ ಬಹಳ ಕಡಮೆ. ಆದ್ದರಿಂದಲೇ ತೇಗದ ಬಾಗಿಲು ಆಷಾಢದಲ್ಲೂ ಚೌಕಟ್ಟಿಗೆ ಸಿಕ್ಕಿಕೊಳ್ಳುವುದಿಲ್ಲ. ಒಣಗಿದ ಮರ ಘನಮೀಟರಿಗೆ ಸುಮಾರು 650 ಕಿಲೋ ತೂಗುತ್ತದೆ. ಬಡಗಿಗೆ ಅದು ವಿಧೇಯ. ಆದರೆ ಒಂದು ಸೇಡು ತೀರಿಸಿಕೊಳ್ಳದೆ ಬಿಡುವುದಿಲ್ಲ. ಮರದೊಳಗೆ ಮರಳಿನ ಅಂಶ ಸೂಕ್ಷ್ಮವಾಗಿ ಸೇರಿರುವುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ನಮ್ಮ ಆಚಾರ್ರು ಕೆಲಸಕ್ಕಿಂತ ಹೆಚ್ಚು ಹೊತ್ತು ಸಾಣೆಕಲ್ಲಿನ ಮುಂದೆ ಕುಳಿತಿದ್ದುದನ್ನು ಕಂಡು ನಮ್ಮ ಮನೆಯವರು ಗೊಣಗಿದರು. ತಪ್ಪು ಅವರದಲ್ಲ, ಮರದ್ದು.

ಹಡಗು ಕಟ್ಟುವವರಿಗೆ ಇದೆಲ್ಲಕ್ಕಿಂತ ಮುಖ್ಯವಾದ ಗುಣ ಇನ್ನೊಂದು. ಇಂಗ್ಲೆಂಡಿನ ಹಡಗುಗಳು ಓಕ್ ಮರದವು. ಓಕಿನೊಳಗಿನ ಒಗರು ಕಬ್ಬಿಣದ ಮೊಳೆಗಳನ್ನು ತಿನ್ನುತ್ತದೆ. ಮೊಳೆ ತುಕ್ಕಾದಂತೆ ಅದರ ಸುತ್ತಲಿನ ಮರವೂ ಕೊಳೆಯುತ್ತದೆ. ತೇಗಕ್ಕೂ ಕಬ್ಬಿಣಕ್ಕೂ ಆ ಹಗೆತನವಿಲ್ಲ. ನೆಪೋಲಿಯನ್ನನ ಯುದ್ಧಗಳ ಕಾಲಕ್ಕೆ ಇಂಗ್ಲೆಂಡಿನಲ್ಲಿ ಓಕಿಗೆ ಬರ ಬಂದಿತ್ತು. ಅವರ ಕಣ್ಣು ಮುಂಬಯಿಯ ಕಡೆ ಹೊರಳಿದ್ದು ಆಗಲೇ. ಅಲ್ಲಿ, ಸೂರತ್ತಿನಿಂದ ಬಂದು ನೆಲೆಸಿದ್ದ ಪಾರಸಿ ಬಡಗಿ ಲವ್‌ಜಿ ನಸರವಾನ್‌ಜಿ ವಾಡಿಯಾ ಅವರ ವಂಶದವರು ಪೀಳಿಗೆಯಿಂದ ಪೀಳಿಗೆಗೆ ಹಡಗು ಕಟ್ಟುತ್ತಿದ್ದರು. 1810ರಲ್ಲಿ ‘ಮಿಂಡೆನ್’, 1813ರಲ್ಲಿ ‘ಕಾರ್ನ್‌ವಾಲಿಸ್’ ನೀರಿಗಿಳಿದವು. ಚೀನವನ್ನು ಅಫೀಮಿನ ಯುದ್ಧದಲ್ಲಿ ಸೋಲಿಸಿ ಹಾಂಕಾಂಗನ್ನು ಕಿತ್ತುಕೊಂಡ 1842ರ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಈ ‘ಕಾರ್ನ್‌ವಾಲಿಸ್’ ಹಡಗಿನ ಮೇಲೆ. ನಮ್ಮ ಪಶ್ಚಿಮ ಘಟ್ಟದ ಮರ ಚೀನದ ಮಾನಭಂಗಕ್ಕೆ ಹಲಗೆಯಾಯಿತು.

‘ಟ್ರಿಂಕೊಮಲೀ’ ಹಡಗಿನ ಕಥೆ ಇನ್ನೂ ಸ್ವಾರಸ್ಯವಾದುದು. ಅದರ ನಕ್ಷೆಗಳನ್ನು ಮುಂಬಯಿಗೆ ತರುತ್ತಿದ್ದ ‘ಜಾವಾ’ ಎಂಬ ಹಡಗನ್ನು 1812ರ ಡಿಸೆಂಬರಿನಲ್ಲಿ ಬ್ರೆಜಿಲಿನ ಆಚೆ ಅಮೆರಿಕದವರು ಸೋಲಿಸಿ ಸುಟ್ಟರು, ನಕ್ಷೆಗಳೂ ಹೋದವು. ಮತ್ತೆ ನಕ್ಷೆ ಬಂದು, ಮಲಬಾರಿನ ತೇಗ ಬಂದು, ಜಮ್ಷೆಟ್‌ಜಿ ಬೊಮನ್‌ಜಿ ವಾಡಿಯಾ ಕಟ್ಟಿ ಮುಗಿಸಿ ಹಡಗನ್ನು ನೀರಿಗೆ ಬಿಟ್ಟದ್ದು 1817ರ ಅಕ್ಟೋಬರ್ 12ರಂದು. ಆ ಹೊತ್ತಿಗೆ ನೆಪೋಲಿಯನ್ ಸೇಂಟ್ ಹೆಲೀನಾದಲ್ಲಿ ಸೆರೆಯಾಗಿ ಎರಡು ವರ್ಷವಾಗಿತ್ತು! ಕಾದಾಡಲು ಶತ್ರುವಿಲ್ಲದ ಈ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ನೀರಿನ ಮೇಲಿದೆ. ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು.

ಹಡಗು ಉಳಿಯಿತು, ಕಾಡಿನ ಪಾಡೇನು? ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ. ಆದ್ದರಿಂದ ಬುಡದ ಸುತ್ತ ತೊಗಟೆಯನ್ನೂ ಬಿಳಿಮರವನ್ನೂ ಬಳೆಯಂತೆ ಕಡಿದು, ಮರವನ್ನು ನಿಂತಲ್ಲೇ ಸಾಯಿಸಿ, ಎರಡು ಮೂರು ವರ್ಷ ಒಣಗಲು ಬಿಟ್ಟು, ಅನಂತರ ಉರುಳಿಸಿ ಹೊಳೆಗೆ ಬಿಡುವುದು ಹಳೆಯ ಪದ್ಧತಿ. ಎಂದಮೇಲೆ ಹೊಳೆಯ ಆಸುಪಾಸಿನ ಕಾಡು ಮೊದಲು ಬರಿದಾಗುವುದು ಸಹಜವೇ. ಈ ಮರದ ಬೆಲೆ ನಮ್ಮವರಿಗೆ ತಿಳಿಯದಿರಲಿಲ್ಲ. ಟಿಪ್ಪೂಸುಲ್ತಾನನು 1796ರಲ್ಲಿ ನಲವತ್ತು ಯುದ್ಧನೌಕೆಗಳ ಪಡೆಯೊಂದನ್ನು ಕಟ್ಟಲು ಆಜ್ಞೆ ಹೊರಡಿಸಿದಾಗ ಅವನ ಲೆಕ್ಕಾಚಾರದಲ್ಲಿದ್ದುದು ಮಂಗಳೂರಿನಿಂದ ಉತ್ತರಕ್ಕಿರುವ ಕರಾವಳಿಯ ರೇವುಗಳು, ಅವುಗಳ ಬೆನ್ನಿಗಿದ್ದ ಕಾಡುಗಳು. ಮೂರೇ ವರ್ಷದಲ್ಲಿ ಶ್ರೀರಂಗಪಟ್ಟಣ ಬಿದ್ದು, ಕಾಡೂ ಕರಾವಳಿಯೂ ಕಂಪೆನಿಯ ಪಾಲಾದವು.

1806ರ ನವೆಂಬರಿನಲ್ಲಿ ಕಂಪೆನಿಯು ವಾಟ್ಸನ್ ಎಂಬ ಪೋಲೀಸ್ ಕ್ಯಾಪ್ಟನ್ನನನ್ನು ಕಾಡಿನ ‘ಕನ್ಸರ್ವೇಟರ್’ ಆಗಿ ನೇಮಿಸಿತು. ರಕ್ಷಕನೆಂಬ ಹೆಸರೇನೋ ಚೆನ್ನಾಗಿದೆ. ಅವನ ನಿಜವಾದ ಕೆಲಸ ಮಲಬಾರಿನ ತೇಗವನ್ನೆಲ್ಲ ಕಂಪೆನಿಗೆ ಕೂಡಿಹಾಕುವುದು. ಮರ ವ್ಯಾಪಾರಿಗಳ ಕಸುಬು ಕೆಟ್ಟಿತು, ಕಾಡಿನ ಒಡೆಯರು ಕೊಟ್ಟ ಬೆಲೆಗೆ ಕೈಯೊಡ್ಡಬೇಕಾಯಿತು, ರೈತರು ಸೌದೆಗೂ ಪರದಾಡಿದರು. ಜನರ ಮೊರೆ ಕೇಳಿ ಆ ಹುದ್ದೆಯನ್ನು ತೆಗೆದುಹಾಕಿಸಿದವನು 1820ರ ದಶಕದ ಆರಂಭದಲ್ಲಿ ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ. ಅವನು 1799ರಲ್ಲಿ ನಮ್ಮ ಕನ್ನಡ ಜಿಲ್ಲೆಗೇ ಮೊದಲ ಕಲೆಕ್ಟರನಾಗಿ ಬಂದಿದ್ದವನು. ರೈತನ ಮನಸ್ಸು ಬಲ್ಲವನು. ಅವನ ನ್ಯಾಯಬುದ್ಧಿಯನ್ನು ಮೆಚ್ಚಬೇಕಾದದ್ದೇ. ಆದರೆ ಕಾವಲು ತೆಗೆದಮೇಲೆ ಕೊಡಲಿಗಳು ಸುಮ್ಮನಿರಲಿಲ್ಲವೆಂಬುದನ್ನೂ ಹೇಳಬೇಕು. ಇಪ್ಪತ್ತು ವರ್ಷದೊಳಗೆ ಮಲಬಾರಿನಲ್ಲಿ ಒಳ್ಳೆಯ ತೇಗ ಅಪರೂಪವಾಯಿತು.

ಆಗ ಮಲಬಾರಿನ ಕಲೆಕ್ಟರ್ ಕನೋಲಿ ನಿಲಂಬೂರಿನಲ್ಲಿ ತೇಗ ಬಿತ್ತಿ ಬೆಳೆಸಲು ಹೊರಟ. ಬೀಜದ ಚಿಪ್ಪು ಕಲ್ಲಿನಂತೆ. ಎರಡು ವರ್ಷ ಏನು ಮಾಡಿದರೂ ಮೊಳೆಯಲಿಲ್ಲ. 1844ರಲ್ಲಿ ಚಾತು ಮೆನನ್ ಎಂಬ ಮಲೆಯಾಳಿ ಅಧಿಕಾರಿಯ ಕೈಗೆ ಕೆಲಸ ಬಂದಮೇಲೆ ಸಸಿಗಳು ಎದ್ದವು. ಲಕ್ಷಗಟ್ಟಲೆ ಗಿಡಗಳನ್ನು ಅವರು ನೆಡಿಸಿದರು. ಆ ತೋಟದ 1846ರ ಒಂದು ತುಂಡು ಈಗಲೂ ಇದೆ. ಅದರ ಹೆಸರು ಮಾತ್ರ ‘ಕನೋಲಿ ಪ್ಲಾಟ್’.

ಬರ್ಮದ ಕಥೆ ಬೇರೆಯೇ ಒಂದು ಲೇಖನಕ್ಕೆ ಆದೀತು. ತೇಗದ ಲೆಕ್ಕ ಮುಚ್ಚಿಟ್ಟಿತೆಂದು ಬಾಂಬೆ ಬರ್ಮಾ ಕಂಪೆನಿಗೆ ಥೀಬಾ ದೊರೆಯ ಸರ್ಕಾರ ವಿಧಿಸಿದ ದಂಡ 1885ರ ಯುದ್ಧಕ್ಕೆ ನೆಪವಾಯಿತು. ದೊರೆ ರತ್ನಾಗಿರಿಗೆ ಗಡೀಪಾರಾಗಿ 1916ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದ.

ನಮ್ಮ ಉತ್ತರ ಕನ್ನಡದಲ್ಲಿ ಯುದ್ಧವಾಗಲಿಲ್ಲ, ಕಾನೂನು ಬಂತು. 1860ರಲ್ಲಿ ಅಪ್ಪಣೆಯಿಲ್ಲದೆ ಕುಮರಿ ಕಡಿಯಬಾರದೆಂದು ಮದರಾಸು ಸರ್ಕಾರ ಆಜ್ಞೆ ಮಾಡಿತು. 1862ರಲ್ಲಿ ಆ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತು. ದಾಂಡೇಲಿಯ ಮರದ ಮೇಲೆ ಮುಂಬಯಿಯವರ ಕಣ್ಣು ಮೊದಲೇ ಇತ್ತು. ತೇಗ, ಬೀಟೆ, ಗಂಧ ಈ ಮೂರೂ ರೈತನ ಸ್ವಂತ ಜಮೀನಿನಲ್ಲಿ ಎದ್ದರೂ ಆಗ ಸರ್ಕಾರದ ಸೊತ್ತಾಗಿದ್ದವು. ಗದ್ದೆಯ ಬದುವಿನಲ್ಲಿ ತೇಗದ ಸಸಿ ಕಂಡರೆ ರೈತ ಏನು ಮಾಡಿಯಾನು? ಅದು ಮರವಾಗುವ ಮೊದಲೇ ಕಿತ್ತುಹಾಕುವುದೇ ಕ್ಷೇಮವೆಂದುಕೊಂಡರೆ ಅವನನ್ನು ಹೇಗೆ ದೂರುವುದು? ಕಾಡನ್ನು ಉಳಿಸಲೆಂದು ಮಾಡಿದ ಕಟ್ಟಳೆಯೇ ಕಾಡಿನ ಮಗ್ಗುಲಲ್ಲಿದ್ದವನನ್ನು ಮರಕ್ಕೆ ಹಗೆಯಾಗಿಸಿದರೆ ಅದು ಎಂತಹ ರಕ್ಷಣೆ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಈಗ ಪೇಟೆಯಲ್ಲಿ ಸಿಗುವುದು ಹೆಚ್ಚಾಗಿ ತೋಟದ ತೇಗ. ಇಪ್ಪತ್ತು ವರ್ಷಕ್ಕೆ ಕಡಿದ ಮರದಲ್ಲಿ ಚೇಗು ಕಡಮೆ, ಬಿಳಿಮರ ಹೆಚ್ಚು. ಆ ಬಿಳಿಮರವನ್ನು ಹುಳ ಬಿಡುವುದಿಲ್ಲ. ಹೊಸ ಚೌಕಟ್ಟು ಹಾಕಿಸೋಣವೇ ಎಂದು ನಾನು ಕೇಳಿದಾಗ ಆಚಾರ್ರು ಉತ್ತರ ಕೊಡದೆ ಹಳೆಯದನ್ನೇ ಎತ್ತಿ ನಿಲ್ಲಿಸಿ, ಬುಡಕ್ಕೆ ಗಾರೆ ತುಂಬಿಸಿದರು. ಕೆಳಗೆ ಕತ್ತರಿಸಿದ ಗೇಣುದ್ದದ ತುಂಡೊಂದು ಉಳಿದಿತ್ತು. ಕೂಲಿ ತೆಗೆದುಕೊಂಡಮೇಲೆ, “ಇದು ನನಗಿರಲಿ ಸ್ವಾಮಿ, ಉಳಿಗೆ ಹಿಡಿ ಮಾಡಿಕೊಳ್ಳುತ್ತೇನೆ” ಎಂದು ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.