ಕಾವಿಗೆ ಕುಗ್ಗದ ಕತ್ತರಿ

ಜೀನ್ ತಿದ್ದುಪಡಿಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ 2012ರಿಂದ ಶುರು ಮಾಡುತ್ತಾರೆ. ಬ್ಯಾಕ್ಟೀರಿಯಾದ ಕ್ಯಾಸ್9 ಎಂಬ ಪ್ರೋಟೀನು ಜೊತೆಗಿಟ್ಟ ಆರ್‌ಎನ್‌ಎ ತೋರಿಸಿದ ಜಾಗದಲ್ಲೇ ಡಿಎನ್‌ಎಯನ್ನು ಕತ್ತರಿಸಬಲ್ಲದು ಎಂದು ಜೆನಿಫರ್ ಡೌಡ್ನಾ, ಎಮಾನ್ಯುಯೆಲ್ ಶಾರ್ಪೆಂಟಿಯೆ ಅವರ ತಂಡಗಳು ತೋರಿಸಿಕೊಟ್ಟ ವರ್ಷ ಅದು; ಈ ತಂತ್ರಕ್ಕೆ ಕ್ರಿಸ್ಪರ್ ಎಂದು ಹೆಸರು. ಹಾಗೆ ಶುರು ಮಾಡಿದರೆ ಅರ್ಧ ಇತಿಹಾಸ ಬಿಟ್ಟುಹೋಗುತ್ತದೆ. ಆ ಕತ್ತರಿಯನ್ನು ಬಾಳಿಕೆ ಬರುವಂತೆ ಮಾಡುವ ಕಸುಬು ಕ್ರಿಸ್ಪರ್‌ಗಿಂತ ಬಹಳ ಹಳೆಯದು. ಪ್ರೋಟೀನು ಎಂದರೆ ಅಮೈನೋ ಆಮ್ಲಗಳ ಸರಪಳಿ ಒಂದು ನಿರ್ದಿಷ್ಟ ಆಕಾರಕ್ಕೆ ಮಡಿಚಿಕೊಂಡಿರುವುದು. ಮಡಿಚಿದ ಸ್ಥಿತಿಗೂ ಬಿಚ್ಚಿಹೋದ ಸ್ಥಿತಿಗೂ ನಡುವಿನ ಶಕ್ತಿಯ ಅಂತರ ಬಹಳ ಕಡಿಮೆ, ಕೆಲವೇ ದುರ್ಬಲ ಬಂಧಗಳಷ್ಟು. ಸ್ವಲ್ಪ ಕಾವೇರಿದರೆ ಅದು ಬಿಚ್ಚಿಕೊಳ್ಳುತ್ತದೆ, ಆಗ ಕೆಲಸವೂ ನಿಲ್ಲುತ್ತದೆ. ಈ ಅಂತರವನ್ನು ಹೆಚ್ಚಿಸುವುದು ಹೇಗೆಂದು ತಿಳಿಯಬೇಕಾದರೆ ಮೊದಲು ಆಕಾರವನ್ನು ಕಣ್ಣಾರೆ ಕಾಣಬೇಕು.

ಕಾಣುವುದಕ್ಕೇ ದಶಕಗಳು ಹಿಡಿದವು. ಕೇಂಬ್ರಿಜ್‌ನಲ್ಲಿ ಮ್ಯಾಕ್ಸ್ ಪೆರುಟ್ಜ್ 1937ರಲ್ಲಿ ಕೈಗೆತ್ತಿಕೊಂಡ ಹಿಮೋಗ್ಲೋಬಿನ್ ಅದರ ಒರಟು ರೂಪವನ್ನು ಬಿಟ್ಟುಕೊಟ್ಟದ್ದು 1959ರಲ್ಲಿ. ಅದೇ ಪೆರುಟ್ಜ್ 1975ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಬಿಸಿ ತಾಳುವ ಬ್ಯಾಕ್ಟೀರಿಯಾಗಳ ಫೆರೆಡಾಕ್ಸಿನ್ ಪ್ರೋಟೀನನ್ನು ಸಾಮಾನ್ಯ ಬ್ಯಾಕ್ಟೀರಿಯಾಗಳದರೊಡನೆ ಹೋಲಿಸಿ ನೋಡಿದರು. ಧನ, ಋಣ ವಿದ್ಯುದಾವೇಶಗಳ ನಡುವಿನ ಕೆಲವು ಹೆಚ್ಚುವರಿ ಬಂಧಗಳೇ ಆ ತಾಳಿಕೆಗೆ ಕಾರಣವಾಗಬಲ್ಲವು ಎಂದು ಕಂಡುಕೊಂಡರು. 1984ರಲ್ಲಿ ಜೆನೆಂಟೆಕ್ ಕಂಪನಿಯ ವಿಜ್ಞಾನಿಗಳು ಟಿ4 ವೈರಸ್ಸಿನ ಲೈಸೋಜೈಮ್‌ಗೆ ಎರಡು ಗಂಧಕ ಪರಮಾಣುಗಳ ಹೊಸ ಸೇತುವೆ ಹಾಕಿ, ಅದು ಬಿಸಿಯಲ್ಲಿ ಹೆಚ್ಚು ಹೊತ್ತು ಬಾಳುವಂತೆ ಮಾಡಿದರು. ಆರೆಗಾನ್‌ನ ಬ್ರಯನ್ ಮ್ಯಾಥ್ಯೂಸ್ ಅದೇ ಪ್ರೋಟೀನಿನಲ್ಲಿ 1987ರಲ್ಲಿ ಸರಪಳಿಯ ಒಂದು ಕಡೆ ಪ್ರೋಲೀನ್ ಎಂಬ ಬಿಗುವಾದ ಅಮೈನೋ ಆಮ್ಲವನ್ನು ಕೂರಿಸಿ ತಾಳಿಕೆ ಹೆಚ್ಚಿಸಿದರು. ಪ್ರೋಲೀನ್ ಎಲ್ಲಿ ಕೂರುತ್ತದೆ, ಎಲ್ಲಿ ಕೂರುವುದಿಲ್ಲ ಎಂದು ಹೇಳುವ ನಕ್ಷೆ ನಮ್ಮದೇ. ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು ಎಂಬುದನ್ನು ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದ್ರಾಸಿನಿಂದ ಪ್ರಕಟಿಸಿದ್ದರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ಆಣ್ವಿಕ ಜೈವಿಕ ಭೌತವಿಜ್ಞಾನ ವಿಭಾಗದಿಂದಲೇ 1989ರಲ್ಲಿ ಸೌಧಾಮಿನಿ, ಬಲರಾಮ್ ಮೊದಲಾದವರ ಪ್ರಬಂಧ ಬಂತು. ಗಂಧಕದ ಸೇತುವೆಯನ್ನು ಪ್ರೋಟೀನಿನ ಯಾವ ಎರಡು ಜಾಗಗಳ ನಡುವೆ ಹಾಕಬಹುದು ಎಂಬುದಕ್ಕೆ ಅದು ಅಳತೆಗೋಲು ಕೊಟ್ಟಿತು. ಇವರ್‍ಯಾರಿಗೂ ಜೀನ್ ತಿದ್ದುವ ಉದ್ದೇಶವಿರಲಿಲ್ಲ.

ತಾಳಿಕೆಗೆ ರಚನೆಯ ಜ್ಞಾನ ಬೇಕು ಎಂಬ ಈ ವಾದಕ್ಕೊಂದು ಬಲವಾದ ಆಕ್ಷೇಪವಿದೆ. ತಾಳಿಕೆಯನ್ನು ನಿಸರ್ಗವೇ ಮಾಡಿಟ್ಟಿರುವಾಗ ರಚನೆಯ ಗೊಡವೆ ಏಕೆ? ಪಿಸಿಆರ್ ಪರೀಕ್ಷೆಯ ಜೀವಾಳವಾದ ಟ್ಯಾಕ್ ಪಾಲಿಮರೇಸ್ ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಬಂದದ್ದು. ಅದನ್ನು ಯಾರೂ ವಿನ್ಯಾಸ ಮಾಡಲಿಲ್ಲ. ಕ್ಯಾಸ್9 ವಿಷಯದಲ್ಲೂ ಹಾಗೆಯೇ ಹುಡುಕಿದರು. 2017ರಲ್ಲಿ ಡೌಡ್ನಾ ತಂಡ ಕಾವು ಪ್ರಿಯವಾದ ಜಿಯೋಬ್ಯಾಸಿಲಸ್ ಬ್ಯಾಕ್ಟೀರಿಯಾದಿಂದ ಜಿಯೋಕ್ಯಾಸ್9 ತಂದಿತು. ಎಲ್ಲರೂ ಬಳಸುವ ಕ್ಯಾಸ್9 ಸುಮಾರು 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೈಚೆಲ್ಲಿದರೆ ಇದು 70 ಡಿಗ್ರಿಯವರೆಗೆ ಕೆಲಸ ಮಾಡಿತು, ಮನುಷ್ಯನ ರಕ್ತದ ಪ್ಲಾಸ್ಮಾದಲ್ಲೂ ಹೆಚ್ಚು ಹೊತ್ತು ಉಳಿಯಿತು. ಆದರೆ ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕೋಶಗಳೊಳಗೆ ಅದು ಹೆಚ್ಚುಕಡಿಮೆ ನಿಷ್ಕ್ರಿಯವಾಗಿತ್ತು. ನಿಸರ್ಗ ತಾಳಿಕೆಯನ್ನೇನೋ ಕೊಟ್ಟಿತ್ತು, ನಮಗೆ ಬೇಕಾದ ಜಾಗದಲ್ಲಿ ದುಡಿಯುವ ಗುಣವನ್ನು ಕೊಟ್ಟಿರಲಿಲ್ಲ.

ಎರಡನೆಯ ಆಕ್ಷೇಪಕ್ಕೆ ಇನ್ನೂ ಹೆಚ್ಚಿನ ಗೌರವ ಸಲ್ಲಬೇಕು. ಜಿಯೋಕ್ಯಾಸ್9 ಕೊನೆಗೆ ಸುಧಾರಿಸಿದ್ದು ರಚನೆ ನೋಡಿ ಅಲ್ಲ, ನಿರ್ದೇಶಿತ ವಿಕಾಸದಿಂದ: ಪ್ರೋಟೀನಿನಲ್ಲಿ ಯಾದೃಚ್ಛಿಕ ಬದಲಾವಣೆಗಳನ್ನು ತಂದು, ಚೆನ್ನಾಗಿ ದುಡಿಯುವುದನ್ನು ಆರಿಸಿಕೊಳ್ಳುತ್ತ ಹೋಗುವ ವಿಧಾನದಿಂದ. ಐಜಿಯೋಕ್ಯಾಸ್9 ಎಂಬ ಆ ರೂಪ ಮೂಲದ್ದಕ್ಕಿಂತ 100 ಪಟ್ಟಿಗೂ ಹೆಚ್ಚು ಜೀನ್ ತಿದ್ದಿತು. ಕೊಬ್ಬಿನ ನ್ಯಾನೋಕಣಗಳಲ್ಲಿ ತುಂಬಿ ಇಲಿಗಳ ರಕ್ತನಾಳಕ್ಕೆ ಒಂದೇ ಸಲ ಚುಚ್ಚಿದಾಗ ಶ್ವಾಸಕೋಶದ ಒಂದು ರೋಗಕಾರಕ ಜೀನಿನಲ್ಲಿ ಸರಾಸರಿ ಶೇ 19ರಷ್ಟು ತಿದ್ದುಪಡಿ ಆಯಿತು. ಇದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಅಲ್ಲಿಗೇ ನಿಲ್ಲಿಸಿದ್ದರೆ ಕೈಯಲ್ಲಿ ಉಳಿಯುತ್ತಿದ್ದುದು ಒಂದು ಒಳ್ಳೆಯ ಪ್ರೋಟೀನು ಮಾತ್ರ. 2024ರಲ್ಲಿ ಹಳೆಯ, ಹೊಸ ಎರಡೂ ರೂಪಗಳನ್ನು ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಾರಣ ತಿಳಿಯಿತು. ಬದಲಾವಣೆಗಳು ಬೆಣೆ ಎಂದು ಕರೆಯುವ ಭಾಗದಲ್ಲಿ ಸೇರಿಕೊಂಡಿದ್ದವು. ಆ ಭಾಗ ಈಗ ಡಿಎನ್‌ಎಯನ್ನು ಹೆಚ್ಚು ಕಡೆ ಮುಟ್ಟಿ, ಅದರ ಎರಡು ಎಳೆಗಳನ್ನು ಬೇಗ ಬಿಡಿಸುತ್ತಿತ್ತು. ಮಾನವ ಕೋಶದಲ್ಲಿ ಮೆಗ್ನೀಸಿಯಂ ಕಡಿಮೆ. ಹಳೆಯ ರೂಪ ಸೋಲುತ್ತಿದ್ದುದು ಅಲ್ಲಿಯೇ. ಈ ಕಾರಣ ತಿಳಿದದ್ದರಿಂದಲೇ ಬೇರೆ ಬ್ಯಾಕ್ಟೀರಿಯಾಗಳ ಕ್ಯಾಸ್9ಗಳಲ್ಲೂ ಅಂಥದೇ ಬದಲಾವಣೆಯನ್ನು ಉದ್ದೇಶಪೂರ್ವಕವಾಗಿ ಮಾಡಿ ಅವುಗಳ ಸಾಮರ್ಥ್ಯ ಹೆಚ್ಚಿಸಲು ಸಾಧ್ಯವಾಯಿತು. ಹುಡುಕಾಟದಿಂದ ಒಂದು ಪ್ರೋಟೀನಿಗಾದ ಲಾಭವನ್ನು ಅದರ ಬಳಗಕ್ಕೆಲ್ಲ ಹಂಚಲು ರಚನೆಯ ಜ್ಞಾನ ಬೇಕಾಯಿತು.

ಇನ್ನು ಕೃತಕ ಬುದ್ಧಿಮತ್ತೆಯೇ ಆಕಾರವನ್ನು ಊಹಿಸಿಬಿಡುತ್ತದಲ್ಲ ಎನ್ನುವವರಿಗೆ ಉತ್ತರ ಚಿಕ್ಕದು. ಹಾಗೆ ಊಹಿಸುವ ಆಲ್ಫಾಫೋಲ್ಡ್ ಕಲಿತದ್ದು ಪ್ರೋಟೀನ್ ಡೇಟಾ ಬ್ಯಾಂಕಿನಿಂದ. 1971ರಲ್ಲಿ 7 ರಚನೆಗಳಿಂದ ಶುರುವಾಗಿ ಈಗ 2 ಲಕ್ಷ ದಾಟಿರುವ ಆ ಭಂಡಾರದ ಬಹುಪಾಲು ತುಂಬಿದ್ದು ಸ್ಫಟಿಕ ಬೆಳೆಸಿ ಎಕ್ಸ್‌-ರೇ ಹಾಯಿಸಿದವರ ದುಡಿಮೆಯಿಂದ.

ತಾಳಿಕೆಯ ಪ್ರಶ್ನೆ ಪ್ರಯೋಗಾಲಯದ ಸೊಗಸಿನ ಪ್ರಶ್ನೆಯಲ್ಲ. 2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿದ ಕ್ಯಾಸ್ಜೆವಿ, ಕುಡಗೋಲು ಕಣ ರೋಗಕ್ಕೆ ಬಂದ ಮೊದಲ ಕ್ರಿಸ್ಪರ್ ಚಿಕಿತ್ಸೆ. ರೋಗಿಯ ರಕ್ತಜನಕ ಕೋಶಗಳನ್ನು ಹೊರತೆಗೆದು ತಿದ್ದಿ, ಕಟುವಾದ ಕೀಮೋಥೆರಪಿಯಿಂದ ಅಸ್ಥಿಮಜ್ಜೆಯನ್ನು ಬರಿದು ಮಾಡಿ, ಮತ್ತೆ ಒಳಗೆ ಸೇರಿಸಬೇಕು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಈ ರೋಗ ಇರುವುದು ಹೆಚ್ಚಾಗಿ ಆಫ್ರಿಕದಲ್ಲಿ, ಭಾರತದ ಆದಿವಾಸಿಗಳಲ್ಲಿ, ಚಾಮರಾಜನಗರದ ಸೋಲಿಗರಲ್ಲೂ. ಚುಚ್ಚುಮದ್ದಿನಂತೆ ಕೊಟ್ಟು ಮೈಯೊಳಗೇ ತಿದ್ದುವ ಚಿಕಿತ್ಸೆ ಬಾರದೆ ಇವರಿಗೆ ಇದು ದಕ್ಕುವುದು ಕಷ್ಟ. ಪ್ರೋಟೀನನ್ನೇ ನೇರವಾಗಿ ಹಾಗೆ ಕಳಿಸಬೇಕಾದರೆ ರಕ್ತದಲ್ಲಿ, ಕೋಶದಲ್ಲಿ, ದಾರಿಯ ಕಾವಿನಲ್ಲಿ ಅದು ಕೆಡದೆ ಉಳಿಯಬೇಕು. ಸಂಶೋಧನೆಗೆ ಹಣ ಹಂಚುವ ನಮ್ಮ ಸಮಿತಿಗಳು ಪ್ರೋಟೀನಿನ ರಚನೆ ಬಿಡಿಸುವವರ ಅರ್ಜಿಗಳನ್ನು ತಕ್ಷಣದ ಔಷಧಿಯ ಲೆಕ್ಕದಲ್ಲಿ ತೂಗುವುದನ್ನು ಬಿಟ್ಟು, ಅವರಿಗೆ ದೀರ್ಘಕಾಲದ ನೆರವು ಕೊಡಬೇಕು.