ಥ್ರೆಡ್ ಮುಕ್ತಾಯ
ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡುವ ಹಲವು ಥ್ರೆಡ್‌ಗಳಲ್ಲಿ ಒಂದನ್ನು, ಎಲ್ಲವೂ ಹಂಚಿಕೊಂಡಿರುವ ದತ್ತಾಂಶ ಕೆಡದಂತೆ ನಿಲ್ಲಿಸುವ ಕ್ರಮ. ಒಂದು ಉದಾಹರಣೆ ನೋಡೋಣ: ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಅಂಥ ಸ್ಥಾವರದಲ್ಲಿ ಇನ್ವರ್ಟರುಗಳ ಅಳತೆಯನ್ನು ಕಡತಕ್ಕೆ ಬರೆಯುವ ಥ್ರೆಡ್ ಒಂದನ್ನು ಊಹಿಸಿಕೊಳ್ಳಬಹುದು. ಸಾಲು ಅರ್ಧ ಬರೆದಿರುವಾಗಲೇ ಹೊರಗಿನಿಂದ ಕೊಂದರೆ ಕಡತ ಕೆಡುತ್ತದೆ; ದತ್ತಾಂಶವನ್ನು ಒಮ್ಮೆಗೆ ಒಂದೇ ಥ್ರೆಡ್ ಮುಟ್ಟುವಂತೆ ಆ ಥ್ರೆಡ್ ಹಾಕಿದ್ದ ಬೀಗ (ಲಾಕ್) ತೆರೆಯದೆ, ಅದಕ್ಕಾಗಿ ಕಾದಿರುವ ಉಳಿದ ಥ್ರೆಡ್‌ಗಳೂ ಸ್ತಬ್ಧವಾಗಬಹುದು. ವಿಂಡೋಸ್‌ನ ಟರ್ಮಿನೇಟ್‌ಥ್ರೆಡ್ ಕರೆಯಲ್ಲಿ ಈ ಅಪಾಯವಿದೆ. ಜಾವಾದ ಸ್ಟಾಪ್ ವಿಧಾನದ ತೊಂದರೆ ಇದಕ್ಕೆ ತಿರುವುಮುರುವು: ಬೀಗಗಳೆಲ್ಲ ತೆರೆದುಕೊಂಡು, ಅರೆಬರೆ ಬದಲಾದ ದತ್ತಾಂಶ ಇತರ ಥ್ರೆಡ್‌ಗಳ ಕೈಗೆ ಸಿಗುತ್ತದೆ. 1998ರ ಜಾವಾ 1.2 ಆವೃತ್ತಿಯಲ್ಲೇ ಅದನ್ನು ಬಳಸಬಾರದೆಂದು ಸೂಚಿಸಲಾಯಿತು. 2023ರ ಜಾವಾ 20ರಿಂದ ಅದು ಕೆಲಸವನ್ನೇ ಮಾಡುವುದಿಲ್ಲ. ತಡವಾದರೂ ಸರಿಯಾದ ತೀರ್ಮಾನ.

ಒಳ್ಳೆಯ ದಾರಿ ಒಪ್ಪಂದದ್ದು. ನಿಲ್ಲಿಸಬೇಕಾದಾಗ ಒಂದು ಸೂಚನಾ ಚರವನ್ನು ಬದಲಿಸಲಾಗುತ್ತದೆ; ಥ್ರೆಡ್ ಪ್ರತಿ ಸುತ್ತಿನಲ್ಲೂ ಅದನ್ನು ನೋಡಿ, ಕೈಯಲ್ಲಿದ್ದ ಕೆಲಸ ಮುಗಿಸಿ, ಕಡತ ಮುಚ್ಚಿ ತಾನಾಗಿಯೇ ಹೊರಬರುತ್ತದೆ. ಆದರೆ ಇನ್ವರ್ಟರಿನ ಉತ್ತರಕ್ಕೆ ಕಾಯುತ್ತ ಮಲಗಿದ ಥ್ರೆಡ್ ಆ ಚರದತ್ತ ನೋಡುವುದೇ ಇಲ್ಲ. ಹೊಸಬರು ಎಡವುವುದು ಇಲ್ಲೇ. ಕಾಯುವಿಕೆಗೆ ಕಾಲಮಿತಿ ಇಡಬೇಕು, ಇಲ್ಲವೇ ಎಬ್ಬಿಸುವ ಸಂಕೇತ ಕಳಿಸಬೇಕು. ಜಾವಾದಲ್ಲಿ ಇಂಟರಪ್ಟ್ ಇರುವುದು ಇದಕ್ಕೇ. ಬಳಿಕ ಜಾಯಿನ್ ಕರೆದು ಥ್ರೆಡ್ ಮುಗಿಯುವವರೆಗೆ ಕಾಯದಿದ್ದರೆ, ಅದು ಇನ್ನೂ ಬಳಸುತ್ತಿರುವ ಮೆಮೊರಿಯೇ ಮೊದಲು ಬಿಡುಗಡೆಯಾಗಿಬಿಡಬಹುದು. ಸಿ ಪ್ಲಸ್ ಪ್ಲಸ್ 20ರ ಜೆಥ್ರೆಡ್ ತಾನು ನಾಶವಾಗುವಾಗ ನಿಲ್ಲುವ ಕೋರಿಕೆಯನ್ನೂ ಜಾಯಿನನ್ನೂ ತಾನೇ ಮಾಡುತ್ತದೆ.